‘ವೊಲಟೈಲ್’ ಎಂಬ ಪದವೂ ವ್ಯಾಪಾರಿಯ ವಚನವೂ

ವಯನಾಡಿನ ಜೈನ ಮನೆಗಳಲ್ಲಿ ದಿನವೊಂದಕ್ಕೆ ಮೂರು ನಾಲ್ಕು ಭಾಷೆಗಳ ಬಳಕೆಯಾಗುತ್ತದೆ. ಅಡುಗೆಮನೆಯಲ್ಲಿ ಕನ್ನಡ, ಅಂಗಡಿಯಲ್ಲಿಯೂ ಕಚೇರಿಯಲ್ಲಿಯೂ ಮಲಯಾಳ, ಬಸದಿಯಲ್ಲಿ ಸ್ವಾಮಿಯ ಮುಂದೆ ಪ್ರಾಕೃತ ಮತ್ತು ಸಂಸ್ಕೃತ, ಮಕ್ಕಳ ಪಾಠಪುಸ್ತಕಗಳಲ್ಲಿ ಇಂಗ್ಲಿಷ್. ಉತ್ಸವ ಕಾಲದಲ್ಲಿ ನೆಂಟರಿಷ್ಟರು ಕೂಡಿದಾಗ ತಮಿಳು, ಮರಾಠಿ, ಗುಜರಾತಿಗಳೂ ಕಿವಿಗೆ ಬೀಳುತ್ತವೆ. ಇಷ್ಟು ಭಾಷೆಗಳ ನಡುವೆ ಒಂದು ಇಂಗ್ಲಿಷ್ ಪದ ಮಾತ್ರ ಯಾರ ಬಾಯಲ್ಲಿಯೂ ಅನುವಾದಗೊಳ್ಳದೆ ಹಾಗೆಯೇ ಉಳಿದಿದೆ. ಅದು ‘ವೊಲಟೈಲ್’. ಕರಿಮೆಣಸಿನ ಧಾರಣೆ ವೊಲಟೈಲ್, ಕಾಫಿಯ ಧಾರಣೆ ವೊಲಟೈಲ್, ಷೇರುಪೇಟೆ ವೊಲಟೈಲ್. ಮನೆಯ ತರುಣನೊಬ್ಬ ಮುಂಜಾನೆ ಒಂದು, ಸಂಜೆ ಒಂದು ಹೇಳತೊಡಗಿದರೆ ಅವನೂ ವೊಲಟೈಲ್.

ಕನ್ನಡದಲ್ಲಿ ಇದಕ್ಕೆ ಚಂಚಲ, ಅಸ್ಥಿರ, ಆವಿಯಾಗತಕ್ಕ ಎಂಬ ಅರ್ಥಗಳನ್ನು ಕೊಡಬಹುದು. ಆದರೆ ಆ ಮೂರರಲ್ಲಿ ಯಾವುದೊಂದೂ ಇಡೀ ಪದವನ್ನು ಹೊರಲಾರದು. ಪದದ ಅರ್ಥವನ್ನು ವಿಚಾರಿಸಬೇಕಾದದ್ದು ಭಾಷಾಕುತೂಹಲಕ್ಕಾಗಿ ಮಾತ್ರವಲ್ಲ. ಇತ್ತೀಚೆಗೆ ಈ ಪದದಿಂದ ಮಾಡಿಸುತ್ತಿರುವ ಕೆಲಸವನ್ನು ನೋಡಿ ವಿಚಾರಿಸಬೇಕಾಗಿದೆ. ಆಡಿದ ಮಾತಿಗೆ ತಪ್ಪಿದವನು “ಮಾರ್ಕೆಟ್ ವೊಲಟೈಲ್ ಆಗಿದೆ, ಏನು ಮಾಡುವುದು?” ಎನ್ನುತ್ತಾನೆ. ಸ್ವಲ್ಪ ಶಾಸ್ತ್ರ ಬಲ್ಲವನಾದರೆ “ಎಲ್ಲವೂ ಅನಿತ್ಯವೆಂದು ಆಗಮವೇ ಸಾರಿದೆಯಲ್ಲ” ಎಂದು ಅದಕ್ಕೆ ಸೇರಿಸುತ್ತಾನೆ. ಲೋಕವು ಪರಿವರ್ತನಶೀಲವಾದ ಮಾತ್ರಕ್ಕೆ ಮನುಷ್ಯನ ವಚನಕ್ಕೂ ಬಿಡುಗಡೆ ದೊರೆಯುತ್ತದೆಯೇ ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಪದದ ಜನ್ಮವನ್ನು ನೋಡಬೇಕು. ಇದರ ಬೇರು ಲ್ಯಾಟಿನ್ ಭಾಷೆಯ ‘ವೊಲಾರೆ’ ಎಂಬ ಧಾತು. ಹಾರು ಎಂಬುದು ಅದರ ಅರ್ಥ. ಅದರಿಂದ ಹುಟ್ಟಿದ ‘ವೊಲಾಟಿಲಿಸ್’ ಎಂದರೆ ರೆಕ್ಕೆಯುಳ್ಳದ್ದು, ಹಾರಬಲ್ಲದ್ದು. ಹಳೆಯ ಫ್ರೆಂಚ್ ಭಾಷೆಯ ಮೂಲಕ ಈ ಪದ ಇಂಗ್ಲಿಷಿಗೆ ಬಂದದ್ದು ಸುಮಾರು 1300ರ ವೇಳೆಗೆ. ಆಗ ಅದು ಗುಣವಾಚಕವಾಗಿರಲಿಲ್ಲ, ನಾಮಪದವಾಗಿತ್ತು. ವೊಲಟೈಲ್ ಎಂದರೆ ಹಕ್ಕಿ, ರೆಕ್ಕೆಯ ಜೀವ, ಅಷ್ಟೆ. ಇಂದಿಗೂ ಫ್ರೆಂಚರು ಕೋಳಿ ಬಾತುಗಳ ಸಮೂಹಕ್ಕೆ ‘ವೊಲಾಯ್’ ಎಂದು ಕರೆಯುವುದು ಅದೇ ಬಳಗದ ಪದದಿಂದ. ಶಾಲೆಯ ಮೈದಾನದಲ್ಲಿ ಮಕ್ಕಳು ಆಡುವ ವಾಲಿಬಾಲ್ ಆಟದ ‘ವಾಲಿ’ಯೂ ಈ ಧಾತುವಿನ ಕುಡಿಯೇ. ಚೆಂಡು ನೆಲ ಮುಟ್ಟುವ ಮುನ್ನ, ಹಾರುತ್ತಿರುವಾಗಲೇ ಅದನ್ನು ಹೊಡೆಯಬೇಕಷ್ಟೆ. ಫ್ರೆಂಚ್ ಭಾಷೆಯ ‘ವೋಲ್’ ಎಂಬ ಪದಕ್ಕೆ ಹಾರಾಟವೆಂಬ ಅರ್ಥದ ಜೊತೆಗೆ ಕಳ್ಳತನವೆಂಬ ಅರ್ಥವೂ ಉಂಟು. ಹಾರಿಸಿಕೊಂಡು ಹೋದ ಎಂದು ಕನ್ನಡಿಗರೂ ಹೇಳುವುದುಂಟಲ್ಲವೆ.

ಆಮೇಲೆ ರಸವಾದಿಗಳು ಈ ಪದವನ್ನು ತಮ್ಮ ಒಲೆಯ ಬಳಿಗೆ ಒಯ್ದರು. ಕಾಯಿಸಿದಾಗ ಹಾರಿಹೋಗುವ ದ್ರವ್ಯಗಳನ್ನು ಅವರು ವೊಲಟೈಲ್ ಎಂದೂ, ಪಾತ್ರೆಯ ತಳದಲ್ಲಿ ಉಳಿಯುವುದನ್ನು ‘ಫಿಕ್ಸೆಡ್’ ಎಂದೂ ಕರೆದರು. ಪಾದರಸ ಹಾರುವ ವರ್ಗಕ್ಕೆ ಸೇರಿತು. ಮೂರ್ಛೆ ಹೋದವರ ಮೂಗಿಗೆ ಹಿಡಿಯುತ್ತಿದ್ದ ಅಮೋನಿಯಾ ಉಪ್ಪಿಗೆ ‘ಸಾಲ್ ವೊಲಟೈಲ್’, ಅಂದರೆ ಹಾರುವ ಉಪ್ಪು, ಎಂಬ ಹೆಸರು ಬಂತು. ಬಸದಿಯ ಆರತಿಗೆಂದು ತಂದಿಟ್ಟ ಕರ್ಪೂರ ಯಾರೂ ಮುಟ್ಟದಿದ್ದರೂ ಡಬ್ಬಿಯಲ್ಲಿ ಕರಗುತ್ತಾ ಹೋಗುವುದನ್ನು ಬಲ್ಲವರಿಗೆ ಈ ಅರ್ಥವನ್ನು ವಿವರಿಸಬೇಕಾಗಿಲ್ಲ. ಅದಕ್ಕೆಂದೇ ಆ ಡಬ್ಬಿಯಲ್ಲಿ ನಾಲ್ಕು ಮೆಣಸಿನ ಕಾಳು ಹಾಕಿಡುವ ರೂಢಿ ಅನೇಕ ಮನೆಗಳಲ್ಲಿದೆ.

ಮನುಷ್ಯನ ಸ್ವಭಾವಕ್ಕೆ ಈ ಪದ ತಗಲಿಕೊಂಡದ್ದು 1640ರ ದಶಕದಲ್ಲಿ. ನಿಂತಲ್ಲಿ ನಿಲ್ಲದವನು, ಇಂದು ಒಲಿದು ನಾಳೆ ಮುನಿಯುವವನು ವೊಲಟೈಲ್ ಎನಿಸಿದನು. ಬೆಲೆಗಳ ಏರಿಳಿತಕ್ಕೆ ಅದು ಶಾಸ್ತ್ರೀಯ ಪದವಾಗಿ ನೆಲೆಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. 1963ರಲ್ಲಿ ಬೆನ್ವಾ ಮ್ಯಾಂಡಲ್‌ಬ್ರಾಟ್ ಎಂಬ ಗಣಿತಜ್ಞನು ಹತ್ತಿಯ ಬೆಲೆಗಳನ್ನು ಪರಿಶೀಲಿಸಿ, ದೊಡ್ಡ ಏರಿಳಿತದ ಬೆನ್ನಿಗೆ ದೊಡ್ಡ ಏರಿಳಿತವೇ ಬರುವ ಪ್ರವೃತ್ತಿ ಇದೆಯೆಂದು ತೋರಿಸಿದನು. ಹತ್ತಿಯ ವ್ಯಾಪಾರ ಮಾಡಿದ ಯಾವ ಸೇಟುವಾದರೂ ಇದನ್ನು ಲೆಕ್ಕವಿಲ್ಲದೆಯೇ ಹೇಳಿಬಿಡುತ್ತಿದ್ದನು, ಅದು ಬೇರೆ ಮಾತು. ಭಾರತದಲ್ಲಿ ಪೇಟೆಯ ಚಾಂಚಲ್ಯವನ್ನು ಅಳೆದು ಅಂಕಿಯಾಗಿ ತೋರಿಸುವ ‘ಇಂಡಿಯಾ ವಿಕ್ಸ್’ ಎಂಬ ಸೂಚ್ಯಂಕವನ್ನು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು 2008ರಲ್ಲಿ ಆರಂಭಿಸಿತು. ಗಣಕಯಂತ್ರದವರು ಕೂಡ ಈ ಪದವನ್ನು ಬಿಟ್ಟಿಲ್ಲ. ಕರೆಂಟು ಹೋದೊಡನೆ ಮರೆತುಬಿಡುವ ನೆನಪಿನ ಭಾಗಕ್ಕೆ ಅವರು ವೊಲಟೈಲ್ ಎನ್ನುತ್ತಾರೆ. ಆದುದರಿಂದಲೇ ಲೆಕ್ಕ ಬರೆದವರು ಎದ್ದು ಹೋಗುವ ಮೊದಲು ಅದನ್ನು ಸೇವ್ ಮಾಡಬೇಕಾಗುತ್ತದೆ.

ಈ ಪ್ರಯಾಣದಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹಕ್ಕಿಗೆ ಹೇಳಿದಾಗ ಈ ಪದದಲ್ಲಿ ನಿಂದೆಯಿರಲಿಲ್ಲ. ಆವಿಗೆ ಹೇಳಿದಾಗಲೂ ಇರಲಿಲ್ಲ, ಹಾರುವುದು ಅವುಗಳ ಸ್ವಭಾವ. ಮನುಷ್ಯನಿಗೆ ಹೇಳಿದಾಗ ಅದು ದೋಷವಾಯಿತು. ಬೆಲೆಗೆ ಹೇಳತೊಡಗಿದ ಮೇಲೆ ಅದು ಮನುಷ್ಯನ ದೋಷಕ್ಕೆ ಮರೆಯಾಗಿ ನಿಲ್ಲತೊಡಗಿತು. ಪೇಟೆ ಚಂಚಲವೆಂದು ಹೇಳುವ ದನಿಯಲ್ಲಿಯೇ ತನ್ನ ಚಾಂಚಲ್ಯವನ್ನೂ ಸೇರಿಸಿ ಹೇಳಿ ಮುಗಿಸುವುದು ಸುಲಭವಾಯಿತು.

ಕರಿಮೆಣಸಿನ ನಾಡಿನವರಿಗೆ ಈ ಪದದ ಇನ್ನೊಂದು ಉಪಯೋಗವೂ ಪರಿಚಿತ. ಮೆಣಸನ್ನು ಪರೀಕ್ಷಿಸುವವರು ಅದರಲ್ಲಿ ಎರಡನ್ನು ಅಳೆಯುತ್ತಾರೆ. ಒಂದು ‘ವೊಲಟೈಲ್ ಆಯಿಲ್’, ಇನ್ನೊಂದು ಪೈಪರೀನ್. ಮೆಣಸಿನ ಪರಿಮಳ ಮೊದಲನೆಯದರಿಂದ, ಖಾರ ಎರಡನೆಯದರಿಂದ. ಪೈಪರೀನನ್ನು 1819ರಲ್ಲಿ ಮೆಣಸಿನಿಂದ ಬೇರ್ಪಡಿಸಿದವನು ಡೆನ್ಮಾರ್ಕಿನ ವಿಜ್ಞಾನಿ ಅರ್‌ಸ್ಟೆಡ್. ಪುಡಿ ಮಾಡಿ ತೆರೆದಿಟ್ಟ ಮೆಣಸು ಕೆಲವು ತಿಂಗಳಲ್ಲಿ ವಾಸನೆ ಕಳೆದುಕೊಳ್ಳುತ್ತದೆ, ಆದರೆ ನಾಲಿಗೆಯ ಮೇಲಿಟ್ಟರೆ ಇನ್ನೂ ಉರಿಯುತ್ತದೆ. ಹಾರುವ ಅಂಶವೂ ಉಳಿಯುವ ಅಂಶವೂ ಒಂದೇ ಕಾಳಿನಲ್ಲಿವೆ. ಪರಿಮಳ ಹೋಯಿತೆಂದರೆ ನಾಶವಾಯಿತೆಂದಲ್ಲ. ಅದರ ಪರಮಾಣುಗಳು ಗಾಳಿಗೆ ಸೇರಿದುವು, ಅಷ್ಟೆ. ಪುದ್ಗಲದ ವಿಷಯವಾಗಿ ಆಚಾರ್ಯರು ಹೇಳಿದುದಕ್ಕೆ ಇದು ವಿರೋಧವಾಗುವುದಿಲ್ಲ.

ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ‘ಸತ್’ ಎಂಬುದರ ಲಕ್ಷಣವನ್ನು ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರರಿಂದ ನಿರ್ಣಯಿಸಿದ್ದಾರೆ. ಹೊಸ ಪರ್ಯಾಯ ಹುಟ್ಟುತ್ತದೆ, ಹಳೆಯ ಪರ್ಯಾಯ ಅಳಿಯುತ್ತದೆ, ದ್ರವ್ಯ ಉಳಿಯುತ್ತದೆ. ಈ ಮೂರೂ ಒಂದೇ ಕ್ಷಣದಲ್ಲಿ ಒಂದೇ ವಸ್ತುವಿನಲ್ಲಿ ಇರುತ್ತವೆ. ವ್ಯಯವನ್ನು ಮಾತ್ರ ಎತ್ತಿ ಹೇಳಿ ಧ್ರೌವ್ಯವನ್ನು ಬಿಟ್ಟರೆ ಅದು ಜಿನಮತವಾಗುವುದಿಲ್ಲ. “ಎಲ್ಲವೂ ಅನಿತ್ಯ” ಎಂಬ ಮಾತನ್ನು ಅಂಗಡಿಯ ಗಲ್ಲೆಯ ಮೇಲೆ ಕುಳಿತು ಆಡುವವರು ಮಾಡುವ ತಪ್ಪು ಇದೇ. ದ್ವಾದಶಾನುಪ್ರೇಕ್ಷೆಗಳಲ್ಲಿ ಅನಿತ್ಯ ಭಾವನೆ ಮೊದಲನೆಯದು ನಿಜ. ಆದರೆ ಅದನ್ನು ಚಿಂತಿಸಬೇಕಾದದ್ದು ತನ್ನ ಸಂಪತ್ತು, ತನ್ನ ಶರೀರ, ತನ್ನ ಯೌವನ ಇವುಗಳ ವಿಷಯದಲ್ಲಿ. ಮತ್ತೊಬ್ಬನಿಗೆ ಕೊಡಬೇಕಾದ ಬಾಕಿಯ ವಿಷಯದಲ್ಲಿ ಚಿಂತಿಸುವಂತೆ ಯಾವ ಆಚಾರ್ಯರೂ ಹೇಳಿಲ್ಲ.

ಸಮಂತಭದ್ರ ಸ್ವಾಮಿಗಳು ಆಪ್ತಮೀಮಾಂಸೆಯಲ್ಲಿ ಕೊಟ್ಟಿರುವ ದೃಷ್ಟಾಂತ ಪ್ರಸಿದ್ಧವಾದುದು. ದೇವಾಗಮ ಸ್ತೋತ್ರವೆಂದೂ ಅದಕ್ಕೆ ಹೆಸರುಂಟು. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡುತ್ತಾರೆ. ಕಲಶ ಬೇಕಾಗಿದ್ದವನು ದುಃಖಿಸುತ್ತಾನೆ, ಕಿರೀಟ ಬೇಕಾಗಿದ್ದವನು ಹರ್ಷಿಸುತ್ತಾನೆ, ಚಿನ್ನವಷ್ಟೇ ಬೇಕಾಗಿದ್ದವನು ಎರಡೂ ಇಲ್ಲದೆ ತಟಸ್ಥನಾಗಿರುತ್ತಾನೆ. ಮೂವರ ಮನಃಸ್ಥಿತಿಗೂ ವಸ್ತುವಿನಲ್ಲಿಯೇ ಕಾರಣವಿದೆ. ಯಾರೊಬ್ಬರೂ ಭ್ರಮೆಯಲ್ಲಿಲ್ಲ. ಇಂದಿನ ಆಭರಣದಂಗಡಿಯಲ್ಲಿ ಆ ಮೂರನೆಯವನು ಸಿಗುವುದು ಕಷ್ಟ. ಕರಗಿಸುವಾಗ ವೇಸ್ಟೇಜು ಎಷ್ಟು, ಮಜೂರಿ ಎಷ್ಟು ಎಂದು ಅವನೂ ಕೇಳಿಯೇ ಕೇಳುತ್ತಾನೆ.

ವಯನಾಡಿನಲ್ಲಿಯೇ ಇಂತಹ ಒಂದು ದೃಷ್ಟಾಂತ ಶಿಲೆಯಲ್ಲಿ ನಿಂತಿದೆ. ಸುಲ್ತಾನ್ ಬತ್ತೇರಿಗೆ ಪೂರ್ವದಲ್ಲಿ ಹನ್ನೆರಡು ಬೀದಿ ಎಂಬ ಹೆಸರಿತ್ತು. ಅಲ್ಲಿಯ ಕಲ್ಲಿನ ಬಸದಿಯು ಮೊದಲು ಜಿನಾಲಯವಾಗಿ, ತರುವಾಯ ವ್ಯಾಪಾರದ ತಾಣವಾಗಿ, ಟಿಪ್ಪು ಸುಲ್ತಾನನ ಕಾಲದಲ್ಲಿ ಮದ್ದುಗುಂಡುಗಳ ಉಗ್ರಾಣವಾಗಿ ಬಳಕೆಯಾಯಿತೆಂದು ಅದರ ಇತಿಹಾಸವನ್ನು ಹೇಳುತ್ತಾರೆ. ಊರಿನ ಹೆಸರಿನಲ್ಲಿರುವ ‘ಬತ್ತೇರಿ’ ಎಂಬುದು ಆ ಮದ್ದುಗುಂಡಿನ ನೆನಪೇ. ಇಂದು ಅದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಊರಿನ ಹೆಸರು ಹಾರಿಹೋಯಿತು, ಬಳಕೆ ಮೂರು ಬಾರಿ ಬದಲಾಯಿತು, ಕಂಬಗಳು ನಿಂತಲ್ಲೇ ನಿಂತಿವೆ.

ಬದಲಾವಣೆಗೂ ವ್ಯಾಪಾರಕ್ಕೂ ಇರುವ ನಂಟು ದ್ರಾವಿಡ ಭಾಷೆಗಳ ಮೂಲದಲ್ಲಿಯೇ ಇದೆ. ಕನ್ನಡದಲ್ಲಿ ‘ಮಾರು’ ಎಂದರೆ ವಿಕ್ರಯಿಸು. ಮಲಯಾಳದಲ್ಲಿಯೂ ತಮಿಳಿನಲ್ಲಿಯೂ ಅದೇ ಪದಕ್ಕೆ ಬದಲಾಗು ಎಂಬ ಅರ್ಥ. ಹಳಗನ್ನಡದಲ್ಲಿ ಇದನ್ನು ಶಕಟ ರೇಫದಿಂದ ಬರೆಯುತ್ತಿದ್ದರು. ಭಾಷಾಶಾಸ್ತ್ರಜ್ಞರು ಇವೆಲ್ಲವನ್ನೂ ಒಂದೇ ಧಾತುವಿನ ಕೆಳಗೆ ಇಟ್ಟಿದ್ದಾರೆ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವುದು, ಕೈ ಬದಲಾಗುವುದು, ಅದೇ ಮಾರಾಟ. ‘ಮಾರ್ಪಾಡು’ ಎಂಬ ಪದದಲ್ಲಿ ಕನ್ನಡವೂ ಆ ಹಳೆಯ ಅರ್ಥವನ್ನು ಉಳಿಸಿಕೊಂಡಿದೆ. ಮಲಯಾಳಿಯು ‘ವಿಲ ಮಾರಿ’ ಎಂದರೆ ಬೆಲೆ ಬದಲಾಯಿತೆಂದು ಅರ್ಥ. ಅದನ್ನು ಕೇಳಿದ ಹೊಸ ಕನ್ನಡಿಗ ಏನೋ ಮಾರಾಟವಾಯಿತೆಂದು ತಿಳಿದರೆ ಅವನನ್ನು ನಗುವಂತಿಲ್ಲ. ಹೀಗೆ ವ್ಯಾಪಾರಿಯ ವೃತ್ತಿಯೇ ಬದಲಾವಣೆಯ ವೃತ್ತಿ. ಬದಲಾವಣೆಯನ್ನು ಅವನು ದೂರುವುದು ಮೀನುಗಾರ ನೀರನ್ನು ದೂರಿದಂತೆ.

ಆದರೆ ಬದಲಾವಣೆಯ ಹೊಡೆತ ಎಲ್ಲರ ಮೇಲೂ ಒಂದೇ ರೀತಿ ಬೀಳುವುದಿಲ್ಲ. 1999ರ ಸುಮಾರಿಗೆ ಕಿಲೋವೊಂದಕ್ಕೆ 200 ರೂಪಾಯಿ ದಾಟಿದ್ದ ಕರಿಮೆಣಸು ಕೆಲವೇ ವರ್ಷಗಳಲ್ಲಿ 100ರ ಕೆಳಗಿಳಿಯಿತು. ವಿಯೆಟ್ನಾಂ ದೇಶದ ಮೆಣಸು ಲೋಕದ ಪೇಟೆಗಳನ್ನು ತುಂಬಿತು. ಅದೇ ಕಾಲದಲ್ಲಿ ಸೊರಗು ರೋಗ ಬಳ್ಳಿಗಳನ್ನು ತಿಂದಿತು, ಕಾಫಿಯ ಬೆಲೆಯೂ ಕುಸಿಯಿತು. ಸಾಲ ತೀರಿಸಲಾಗದೆ ವಯನಾಡಿನ ಅನೇಕ ರೈತರು ಪ್ರಾಣ ಕಳೆದುಕೊಂಡರು. 2006ರಲ್ಲಿ ಕೇಂದ್ರ ಸರಕಾರವು ಸಂಕಟಗ್ರಸ್ತವೆಂದು ಗುರುತಿಸಿದ 31 ಜಿಲ್ಲೆಗಳಲ್ಲಿ ವಯನಾಡು ಒಂದಾಗಿತ್ತು. ಕೃಷಿಕರ ಸಾಲ ಪರಿಹಾರಕ್ಕಾಗಿ ಆಯೋಗವನ್ನು ಏರ್ಪಡಿಸುವ ಕಾಯಿದೆಯನ್ನು ಕೇರಳ ತಂದದ್ದೂ ಆ ಹೊತ್ತಿನಲ್ಲಿಯೇ. ತರುವಾಯ 2014-15ರ ಸುಮಾರಿಗೆ ಇದೇ ಮೆಣಸು 700ರ ಆಸುಪಾಸಿಗೆ ಏರಿತು, ಮುಂದಿನ ನಾಲ್ಕೈದು ವರ್ಷಗಳಲ್ಲಿ ಅದರ ಅರ್ಧಕ್ಕೆ ಇಳಿಯಿತು. ಬಳ್ಳಿ ಅದೇ, ಕಾಳು ಅದೇ. ಆದರೆ 2004ರಲ್ಲಿ ಸತ್ತವನ ಮನೆಯವರಿಗೆ 2014ರ ಬೆಲೆಯಿಂದ ಯಾವ ಸಮಾಧಾನವೂ ಇಲ್ಲ. ಏರಿಳಿತವನ್ನು ಸರಾಸರಿ ತೆಗೆದು ನೋಡುವವನು ಈ ಸಂಗತಿಯನ್ನು ಮರೆಯುತ್ತಾನೆ.

ಇಂತಹ ಕಾಲದಲ್ಲಿ ಬೆಳೆಗಾರನೊಬ್ಬನು ಕೊಯ್ಲಿಗೆ ಮೊದಲು ವ್ಯಾಪಾರಿಯೊಡನೆ ಒಂದು ಬೆಲೆಗೆ ಮಾತಾಡಿಕೊಂಡಿದ್ದಾನೆಂದು ಇಟ್ಟುಕೊಳ್ಳೋಣ. ಕಾಗದವಿಲ್ಲ, ಬಾಯಿಮಾತು ಮಾತ್ರ. ಮುಂಗಡವಾಗಿ ಸ್ವಲ್ಪ ಹಣ ಕೈ ಸೇರಿದೆ. ಮೆಣಸು ಒಣಗಿ ಚೀಲಕ್ಕೆ ಬೀಳುವ ಹೊತ್ತಿಗೆ ಬೆಲೆ ಇಳಿಯಿತು. ವ್ಯಾಪಾರಿ ಮೊದಲಿನ ಬೆಲೆ ಕೊಡಲೊಲ್ಲನು. ಮುಂದಿನ ವರ್ಷ ಅದೇ ಮಾತು, ಈ ಸಲ ಬೆಲೆ ಏರಿತು. ಬೆಳೆಗಾರ ರಾತ್ರೋರಾತ್ರಿ ಬೇರೆಯವರಿಗೆ ತೂಗಿಬಿಟ್ಟನು. ಇಬ್ಬರೂ ಆ ಇಂಗ್ಲಿಷ್ ಪದವನ್ನೇ ಹೇಳುತ್ತಾರೆ. ಇಂತಹ ಪ್ರಸಂಗ ನಡೆಯದ ಪೇಟೆಯಿಲ್ಲ.

ಎಲ್ಲವೂ ಕ್ಷಣಿಕವೆಂಬ ವಾದವನ್ನು ಆಚಾರ್ಯ ಸಮಂತಭದ್ರರು ಖಂಡಿಸಿದ ಬಗೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕ್ಷಣಕ್ಷಣಕ್ಕೂ ಎಲ್ಲವೂ ಸಂಪೂರ್ಣವಾಗಿ ನಾಶವಾಗುವುದಾದರೆ ಹಿಂಸೆಯನ್ನು ಸಂಕಲ್ಪಿಸಿದವನೊಬ್ಬ, ಮಾಡಿದವನೊಬ್ಬ, ಅದರ ಬಂಧಕ್ಕೆ ಒಳಗಾದವನು ಇನ್ನೊಬ್ಬ ಎಂದಾಗುತ್ತದೆ. ಆಗ ಪುಣ್ಯಪಾಪಗಳ ವ್ಯವಸ್ಥೆಯೇ ಕುಸಿಯುತ್ತದೆ. ಖಾತೆಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಸಾಲ ತಂದವನೊಬ್ಬ, ತೀರಿಸಬೇಕಾದವನು ಮತ್ತೊಬ್ಬ. ಕೊಡಬೇಕಾದ ಹಣದ ವಿಷಯದಲ್ಲಿ ‘ಆಗಿನ ನಾನು ಬೇರೆ’ ಎನ್ನುವವನು ಬರಬೇಕಾದ ಹಣದ ವಿಷಯದಲ್ಲಿ ಹಾಗೆ ಹೇಳಿದ್ದನ್ನು ಯಾರೂ ಕೇಳಿಲ್ಲ.

ಹಾಗೆಂದು ಎಂದಿಗೂ ಬದಲಾಗದ ಕಲ್ಲಿನಂತಿರಬೇಕೆಂಬುದೂ ಏಕಾಂತವೇ. ನಿತ್ಯೈಕಾಂತ ಪಕ್ಷವನ್ನೂ ಅದೇ ಗ್ರಂಥ ಅಷ್ಟೇ ಕಟುವಾಗಿ ತಳ್ಳಿಹಾಕಿದೆ. ಆತ್ಮ ಸ್ವಲ್ಪವೂ ಪರಿಣಮಿಸದಿದ್ದರೆ ಬಂಧವೂ ಇಲ್ಲ, ಮೋಕ್ಷವೂ ಇಲ್ಲ. ಬಳ್ಳಿಗಳೆಲ್ಲ ಒಣಗಿ ನಿಂತ ವರ್ಷದಲ್ಲಿ “ಮಾತೆಂದರೆ ಮಾತು” ಎಂದು ಪಟ್ಟುಹಿಡಿದು ಜಪ್ತಿಗೆ ಹೊರಡುವ ಸಾಲಿಗನು ಸತ್ಯವ್ರತವನ್ನು ಪಾಲಿಸುತ್ತಿದ್ದಾನೆಂದು ತಿಳಿಯಲಾಗದು. ಮಾತನ್ನು ಬದಲಿಸುವುದರಿಂದ ನಷ್ಟ ಯಾರಿಗೆ ಎಂದು ಮೊದಲು ನೋಡಬೇಕು. ತನ್ನ ನಷ್ಟವನ್ನು ಇನ್ನೊಬ್ಬನ ಮೇಲೆ ನೂಕುವುದಕ್ಕಾಗಿ ಬದಲಿಸಿದರೆ ಅದು ಚಾಂಚಲ್ಯ. ಇನ್ನೊಬ್ಬನ ನಷ್ಟವನ್ನು ತಾನು ಹೊರುವುದಕ್ಕಾಗಿ ಬಡ್ಡಿಯನ್ನು ಬಿಟ್ಟರೆ, ವಾಯಿದೆಯನ್ನು ಮುಂದೂಡಿದರೆ, ಅದಕ್ಕೆ ಚಾಂಚಲ್ಯವೆಂದು ಹೆಸರಿಡಲು ಯಾವ ಭಾಷೆಯೂ ಒಪ್ಪದು. ಎರಡೂ ಕಡೆ ಮಾತು ಬದಲಾಯಿತೆಂಬುದು ನಿಜ. ಹೊರಗಿನಿಂದ ಕಾಣುವ ಬದಲಾವಣೆ ಒಂದೇ ಆದರೂ ಪರಿಣಾಮದಲ್ಲಿ, ಅಂದರೆ ಭಾವದಲ್ಲಿ, ಅವು ಬೇರೆ ಬೇರೆ.

ಶ್ರಾವಕರ ಅಣುವ್ರತಗಳಿಗೆ ಹೇಳಿರುವ ಅತಿಚಾರಗಳನ್ನು ಓದಿದರೆ ಆಚಾರ್ಯರಿಗೆ ಪೇಟೆಯ ಪರಿಚಯ ಎಷ್ಟಿತ್ತೆಂದು ಆಶ್ಚರ್ಯವಾಗುತ್ತದೆ. ಹೀನಾಧಿಕ ಮಾನೋನ್ಮಾನ ಎಂದರೆ ಕೊಳ್ಳಲು ಒಂದು ತೂಕ, ಮಾರಲು ಇನ್ನೊಂದು. ಪ್ರತಿರೂಪಕ ವ್ಯವಹಾರವೆಂದರೆ ಕಲಬೆರಕೆ. ಮೆಣಸಿನಲ್ಲಿ ಪಪ್ಪಾಯಿಯ ಒಣಬೀಜ ಬೆರೆಸುವುದು ಅದೇ ಅಲ್ಲದೆ ಬೇರೇನು. ಈ ಎರಡೂ ಅಚೌರ್ಯ ವ್ರತಕ್ಕೆ ಸಂಬಂಧಿಸಿದುವು. ಸತ್ಯವ್ರತದಲ್ಲಿ ನ್ಯಾಸಾಪಹಾರವೆಂಬ ಅತಿಚಾರವುಂಟು. ಇಟ್ಟ ನ್ಯಾಸದ ಮೊತ್ತವನ್ನು ಮರೆತು ಒಬ್ಬನು ಕಡಿಮೆ ಕೇಳಿದಾಗ, “ಹೌದು, ಅಷ್ಟೇ ಇತ್ತು” ಎಂದು ಅಷ್ಟನ್ನೇ ಕೊಟ್ಟು ಕಳುಹಿಸುವುದು. ಅಲ್ಲಿ ಬದಲಾದದ್ದು ಇಟ್ಟವನ ನೆನಪು ಮಾತ್ರ. ಹಣ ಬದಲಾಗಲಿಲ್ಲ. ಇದನ್ನು ಕಳ್ಳತನದಲ್ಲಿ ಸೇರಿಸದೆ ಅಸತ್ಯದ ಕಡೆಗೆ ಸೇರಿಸಿರುವುದು ಮನನ ಮಾಡತಕ್ಕದ್ದು.

ಬದಲಾಗುವ ಲೋಕದಲ್ಲಿ ಬದಲಾಗದ ಮಾತನ್ನು ಆಡುವುದಾದರೂ ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಉತ್ತರ ಸ್ಯಾದ್ವಾದದಲ್ಲಿದೆ, ಮತ್ತು ಅದನ್ನೇ ಹೆಚ್ಚು ಜನ ತಪ್ಪಾಗಿ ತಿಳಿದಿರುವುದು. ‘ಸ್ಯಾತ್’ ಎಂದರೆ ‘ಬಹುಶಃ’ ಎಂದು ಅರ್ಥ ಮಾಡಿ, ಜೈನರು ಯಾವುದನ್ನೂ ಖಚಿತವಾಗಿ ಹೇಳುವವರಲ್ಲವೆಂದು ಹಾಸ್ಯ ಮಾಡಿದವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಸ್ಯಾತ್ ಎಂಬುದು ಅನುಮಾನದ ಪದವಲ್ಲ. ‘ಒಂದು ಅಪೇಕ್ಷೆಯಿಂದ’ ಎಂಬುದು ಅದರ ಅರ್ಥ. ಯಾವ ಅಪೇಕ್ಷೆಯಿಂದ ಎಂಬುದನ್ನು ಹೇಳಿದ ಮೇಲೆ ಮಾತು ನಿಶ್ಚಿತವೇ. ವಸ್ತುವನ್ನು ಕುರಿತು ಹೇಳುವಾಗ ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕನ್ನು ಗಮನಿಸಬೇಕೆಂದು ಶಾಸ್ತ್ರ ವಿಧಿಸುತ್ತದೆ.

ಕೊಚ್ಚಿಯ ಮಟ್ಟಾಂಚೇರಿಯ ಮೆಣಸಿನ ವ್ಯಾಪಾರಿ ಒಂದು ಧಾರಣೆ ಹೇಳುವ ಕ್ರಮವನ್ನು ನೋಡಿದರೆ ಈ ನಾಲ್ಕೂ ಅದರಲ್ಲಿ ಕಾಣುತ್ತವೆ. ‘ಅನ್‌ಗಾರ್ಬಲ್ಡ್’ ಮೆಣಸೋ ‘ಗಾರ್ಬಲ್ಡ್’ ಮೆಣಸೋ, ಅದು ದ್ರವ್ಯ. ಕೊಚ್ಚಿಗೆ ತಲುಪಿಸಿದ ಬೆಲೆಯೋ ತೋಟದ ಬಾಗಿಲಿನ ಬೆಲೆಯೋ, ಅದು ಕ್ಷೇತ್ರ. ಇಂದಿನ ಬೆಲೆಯೋ ಮುಂದಿನ ತಿಂಗಳಿನದೋ, ಅದು ಕಾಲ. ತೇವಾಂಶ ಎಷ್ಟು, ಕಾಳಿನ ತೂಕ ಎಷ್ಟು, ಬೂಷ್ಟು ಹಿಡಿದಿದೆಯೇ, ಅದು ಭಾವ. ಕೊಚ್ಚಿಯಲ್ಲಿ ಮೆಣಸಿನ ಮುಂಗಡ ವ್ಯಾಪಾರ ವ್ಯವಸ್ಥಿತವಾಗಿ ಆರಂಭವಾದದ್ದು 1957ರಲ್ಲಿ. ಅಂದಿನಿಂದ ಬೆಲೆ ಎಷ್ಟು ಸಾವಿರ ಬಾರಿ ಬದಲಾಗಿದ್ದರೂ ಈ ನಾಲ್ಕನ್ನು ಹೇಳಿ ಆಡಿದ ಮಾತು ಸುಳ್ಳಾಗುವುದಿಲ್ಲ. ಜಗಳ ಹುಟ್ಟುವುದು ನಾಲ್ಕರಲ್ಲಿ ಒಂದನ್ನು ಬೇಕೆಂದೇ ಬಾಯಲ್ಲಿ ಉಳಿಸಿಕೊಂಡಾಗ. ಹಸಿ ಮೆಣಸು ಒಣಗಿದರೆ ಮೂರರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆಂಬುದು ಇಬ್ಬರಿಗೂ ಗೊತ್ತು. ಎಷ್ಟು ಒಣಗಿರಬೇಕೆಂದು ಹೇಳದೆ ಬೆಲೆ ಕುದುರಿಸಿದರೆ ಚೀಲ ಬಿಚ್ಚಿದ ದಿನ ವ್ಯಾಜ್ಯ ಕಟ್ಟಿಟ್ಟದ್ದು.

‘ಗಾರ್ಬಲ್’ ಎಂಬ ಪದದ ಗತಿಯೂ ಇಲ್ಲಿ ಸ್ಮರಣೀಯ. ಅರಬ್ಬೀ ಭಾಷೆಯಲ್ಲಿ ಜರಡಿ ಹಿಡಿಯುವುದಕ್ಕೆ ಇದ್ದ ಪದ ಇಟಲಿಯ ಸಂಬಾರ ವ್ಯಾಪಾರಿಗಳ ಮೂಲಕ ಇಂಗ್ಲಿಷಿಗೆ ಬಂತು. ಕಸಕಡ್ಡಿಯನ್ನು ಬೇರ್ಪಡಿಸಿ ಶುದ್ಧಮಾಡುವುದೆಂದೇ ಅದರ ಅರ್ಥವಾಗಿತ್ತು. ಬೇಕಾದುದನ್ನು ಮಾತ್ರ ಆರಿಸಿ ಹೇಳುವುದು ಎಂಬಲ್ಲಿಂದ ಮುಂದುವರಿದು, ಮಾತನ್ನು ಕಲಸಿ ಕೆಡಿಸುವುದೆಂಬ ತದ್ವಿರುದ್ಧ ಅರ್ಥಕ್ಕೆ ಇಂದು ಅದು ಬಂದು ನಿಂತಿದೆ. ಮೊದಲಿನ ಅರ್ಥವನ್ನು ಇನ್ನೂ ಕಾಪಾಡಿಕೊಂಡಿರುವವರು ಮೆಣಸಿನ ವ್ಯಾಪಾರಿಗಳು. ಅವರು ‘ಗಾರ್ಬಲ್ಡ್’ ಎಂದರೆ ಜರಡಿ ಹಿಡಿದ ಒಳ್ಳೆಯ ಮೆಣಸೆಂದೇ ಇಂದಿಗೂ ಅರ್ಥ.

ಪಂಚಕಲ್ಯಾಣ ಮಹೋತ್ಸವಗಳಲ್ಲಿ ದೀಕ್ಷಾಕಲ್ಯಾಣದ ದಿನ ನೀಲಾಂಜನೆಯ ನೃತ್ಯವನ್ನು ಆಡಿ ತೋರಿಸುತ್ತಾರೆ. ಜಿನಸೇನಾಚಾರ್ಯರ ಸಂಸ್ಕೃತ ಮಹಾಪುರಾಣದಲ್ಲಿ ಬಂದ ಈ ಪ್ರಸಂಗವನ್ನು ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಕನ್ನಡಕ್ಕೆ ತಂದನು. ಆದಿನಾಥ ಸ್ವಾಮಿಯ ಆಸ್ಥಾನದಲ್ಲಿ ದೇವೇಂದ್ರನು ಕಳುಹಿಸಿದ ನೀಲಾಂಜನೆ ನರ್ತಿಸುತ್ತಿದ್ದಾಳೆ. ನೃತ್ಯದ ನಡುವೆಯೇ ಅವಳ ಆಯುಷ್ಯ ಮುಗಿದು ಅವಳು ಮಿಂಚಿನಂತೆ ಮರೆಯಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯಲಿಲ್ಲ. ತಾಳ ತಪ್ಪಲಿಲ್ಲ. ಸ್ವಾಮಿಗೆ ಮಾತ್ರ ತಿಳಿಯಿತು, ವೈರಾಗ್ಯ ಉದಿಸಿತು.

ಈ ಕಥೆಯನ್ನು ಬಲ್ಲವರು ಎರಡು ಸಂಗತಿಗಳನ್ನು ಕೂಡಿಸಿ ನೋಡುವುದು ಕಡಿಮೆ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಪ್ರಜೆಗಳಿಗೆ ಕಲಿಸಿದವರೂ ಇದೇ ಆದಿನಾಥ ಸ್ವಾಮಿಯೇ. ವಾಣಿಜ್ಯವನ್ನು ಲೋಕಕ್ಕೆ ಕೊಟ್ಟವರೇ ಅನಿತ್ಯವನ್ನು ಕಣ್ಣಾರೆ ಕಂಡರು. ಕಂಡೊಡನೆ ಸಿಂಹಾಸನದಿಂದ ಎದ್ದು ನೇರವಾಗಿ ಕಾಡಿಗೆ ನಡೆಯಲಿಲ್ಲ. ಅಯೋಧ್ಯೆಯನ್ನು ಭರತನಿಗೂ ಪೌದನಪುರವನ್ನು ಬಾಹುಬಲಿಗೂ ಕೊಟ್ಟರು. ಉಳಿದ ಮಕ್ಕಳಿಗೂ ಅವರವರ ಪಾಲನ್ನು ಹಂಚಿದರು. ಅದಾದ ಮೇಲೆಯೇ ದೀಕ್ಷೆ.

ಆದರೂ ಒಂದು ಬೇಡಿಕೆ ಉಳಿದಿತ್ತು. ಕಚ್ಛ ಮಹಾಕಚ್ಛರ ಮಕ್ಕಳಾದ ನಮಿ ವಿನಮಿಗಳು, ಸ್ವಾಮಿಯು ಪ್ರತಿಮಾಯೋಗದಲ್ಲಿ ನಿಂತಿದ್ದಾಗ ಪಾದದ ಬಳಿಗೆ ಬಂದು, ಎಲ್ಲರಿಗೂ ರಾಜ್ಯವನ್ನು ಕೊಟ್ಟಿರಿ, ನಮಗೇಕೆ ಕೊಡಲಿಲ್ಲವೆಂದು ಹಟ ಹಿಡಿದು ಕುಳಿತರು. ಸರ್ವವನ್ನೂ ಬಿಟ್ಟು ಮೌನದಲ್ಲಿದ್ದ ಮುನಿಯನ್ನು ಕೇಳಬಾರದ್ದನ್ನೇ ಕೇಳಿದರೆನ್ನಬೇಕು. ಸ್ವಾಮಿಯು ಇನ್ನು ಮೊದಲಿನ ಅರಸನಲ್ಲ, ಹಿಂದಿನ ಪರ್ಯಾಯದ ಬೇಡಿಕೆಗೆ ಇಲ್ಲಿ ಬೆಲೆಯಿಲ್ಲವೆಂದು ಅವರನ್ನು ಹಿಂದಿರುಗಿಸುವುದು ಸುಲಭವಾಗಿತ್ತು. ಪುರಾಣ ಹಾಗೆ ಮಾಡಲಿಲ್ಲ. ಆಸನ ಕಂಪಿಸಿದುದರಿಂದ ವಿಷಯವನ್ನು ಅರಿತ ಧರಣೇಂದ್ರನು ತಾನೇ ಇಳಿದು ಬಂದನು, ಅವರಿಬ್ಬರನ್ನೂ ವಿಜಯಾರ್ಧ ಪರ್ವತಕ್ಕೆ ಕರೆದೊಯ್ದು, ದಕ್ಷಿಣ ಶ್ರೇಣಿಯನ್ನು ನಮಿಗೂ ಉತ್ತರ ಶ್ರೇಣಿಯನ್ನು ವಿನಮಿಗೂ ಕೊಟ್ಟನು.